ಬೀಗವಲ್ಲ, ಪೀಪಾಯಿಯಲ್ಲ: ಒಂದು ಕೋವಿಯ ಕಥೆ

ಕಂಪನಿಯೊಂದು ಊರು ಬಿಟ್ಟು ಇನ್ನೊಂದೂರಿಗೆ ಹೊರಟರೆ ಇಂಗ್ಲಿಷ್ ಪತ್ರಿಕೆಗಳು ಅದು ‘ಲಾಕ್, ಸ್ಟಾಕ್ ಅಂಡ್ ಬ್ಯಾರೆಲ್’ ಹೋಯಿತು ಎಂದು ಬರೆಯುತ್ತವೆ. ಒಂದು ಕಡ್ಡಿಯನ್ನೂ ಉಳಿಸದೆ, ಸಾರಾಸಗಟಾಗಿ ಎಂಬ ಒತ್ತು ಅದರಲ್ಲಿದೆ. ಅಂಗಡಿಯವನು ಬಾಗಿಲ ಬೀಗ, ಒಳಗಿನ ದಾಸ್ತಾನು, ಪೀಪಾಯಿ ಎಲ್ಲವನ್ನೂ ಮಾರಿಕೊಂಡ ಎಂಬ ಕಥೆ ಈ ಮಾತಿಗೆ ಅಂಟಿಕೊಂಡಿದೆ. ಕೇಳಲು ಚೆನ್ನ, ಆದರೆ ನಿಜವಲ್ಲ. ಮೂರೂ ಹಳೆಯ ಕೋವಿಯ ಭಾಗಗಳು.

ಬ್ಯಾರೆಲ್ ಎಂದರೆ ನಳಿಗೆ. ಸ್ಟಾಕ್ ಎಂದರೆ ನಳಿಗೆಯನ್ನು ಹೊತ್ತು ಹೆಗಲಿಗೆ ಆನಿಕೊಳ್ಳುವ ಮರದ ಭಾಗ. ಸ್ವಾರಸ್ಯವಿರುವುದು ಲಾಕ್‌ನಲ್ಲಿ, ಅದು ಮದ್ದಿಗೆ ಕಿಡಿ ಮುಟ್ಟಿಸುವ ಯಂತ್ರ. ಟ್ರಿಗರ್ ಎಳೆದೊಡನೆ ಸ್ಪ್ರಿಂಗಿನ ಬಲಕ್ಕೆ ಚಕಮಕಿ ಕಲ್ಲು ಹೋಗಿ ಉಕ್ಕಿನ ಪಟ್ಟಿಗೆ ಬಡಿಯುತ್ತದೆ. ಪಟ್ಟಿ ಮಗುಚಿಕೊಂಡು, ಕೆಳಗಿನ ಪುಟ್ಟ ತಟ್ಟೆಯಲ್ಲಿಟ್ಟ ಚಿಟಿಕೆ ಮದ್ದಿನ ಮೇಲೆ ಕಿಡಿ ಉದುರುತ್ತದೆ. ಆ ಉರಿ ಸಣ್ಣ ತೂತಿನೊಳಗೆ ನುಗ್ಗಿ ನಳಿಗೆಯ ಮದ್ದನ್ನು ಹೊತ್ತಿಸಿದರೆ ಗುಂಡು ಹಾರುತ್ತದೆ. ಎಷ್ಟೋ ಸಲ ತಟ್ಟೆಯ ಮದ್ದು ಭಗ್ಗೆಂದು ಉರಿದು ಅಲ್ಲಿಗೇ ಮುಗಿಯುತ್ತಿತ್ತು. (‘ಫ್ಲಾಶ್ ಇನ್ ದ ಪ್ಯಾನ್’ ಎಂಬ, ಒಮ್ಮೆ ಮಿಂಚಿ ಮಾಯವಾಗುವುದಕ್ಕೆ ಹೇಳುವ ಇನ್ನೊಂದು ನುಡಿಗಟ್ಟೂ ಇದೇ ಕೋವಿಯದು.)

ಇಡೀ ಕೋವಿ ಎನ್ನುವುದಕ್ಕೆ ಮೂರು ಹೆಸರು ಯಾಕೆ ಬೇಕಿತ್ತು? 18ನೇ ಶತಮಾನದಲ್ಲಿ ಕೋವಿ ಒಬ್ಬನ ಕೈಕೆಲಸವಾಗಿರಲಿಲ್ಲ. ಬ್ರಿಟಿಷ್ ಸೈನ್ಯದ ‘ಬ್ರೌನ್ ಬೆಸ್’ ಕೋವಿಯನ್ನೇ ನೋಡಿ. ಸೈನ್ಯಕ್ಕೆ ಆಯುಧ ಒದಗಿಸುವ ಸರ್ಕಾರದ ಆರ್ಡ್‌ನೆನ್ಸ್ ಇಲಾಖೆ ನಳಿಗೆ, ಲಾಕ್‌ಗಳನ್ನು ಬೇರೆಬೇರೆಯಾಗಿ, ಬಹುಪಾಲು ಬರ್ಮಿಂಗ್‌ಹ್ಯಾಮ್ ಕಡೆಯ ಕಸುಬುದಾರರಿಂದ ಕೊಳ್ಳುತ್ತಿತ್ತು. ಅವನ್ನು ಲಂಡನ್ ಟವರ್‌ನಲ್ಲಿ ದಾಸ್ತಾನು ಮಾಡಿ, ಮರಕ್ಕೆ ಕೂರಿಸುವ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸುತ್ತಿತ್ತು. ಎಲ್ಲವೂ ಅರದಿಂದ ಉಜ್ಜಿ ಹೊಂದಿಸಿದ್ದು. ಒಂದು ಕೋವಿಯ ಲಾಕ್ ಬಿಚ್ಚಿ ಇನ್ನೊಂದಕ್ಕೆ ಹಾಕಿದರೆ ಸಲೀಸಾಗಿ ಕೂರುತ್ತಿರಲಿಲ್ಲ. ಇಂಥ ವಸ್ತುವನ್ನು ಬಿಡಿಬಿಡಿಯಾಗಿ ಎಣಿಸಿ ಹೇಳಿದರೇನೇ ‘ಪೂರ್ತಿ’ ಎಂಬುದು ಗಟ್ಟಿಯಾಗುತ್ತಿತ್ತು ಎಂದು ನನಗನ್ನಿಸುತ್ತದೆ.

1817ರಲ್ಲಿ ಸಾಹಿತಿ ವಾಲ್ಟರ್ ಸ್ಕಾಟ್ ತಮ್ಮ ಪತ್ರವೊಂದರಲ್ಲಿ ಸ್ಕಾಟ್ಲೆಂಡಿನ ಬೆಟ್ಟಸೀಮೆಯವನ ಕೋವಿಯ ಮಾತೆತ್ತುತ್ತಾರೆ. ಅದನ್ನು ರಿಪೇರಿ ಮಾಡಿಸಲು ಬೇಕಾದದ್ದು ಹೊಸ ಸ್ಟಾಕ್, ಹೊಸ ಲಾಕ್, ಹೊಸ ಬ್ಯಾರೆಲ್, ಅಷ್ಟೇ! ಹಳೆಯದರಲ್ಲಿ ಉಳಿಯುವುದೇನು ಎಂದು ಬೇರೆ ಕೇಳಬೇಕಿಲ್ಲ. ಅಲ್ಲಿನ್ನೂ ಸ್ಟಾಕ್ ಮೊದಲು, ಲಾಕ್ ಆಮೇಲೆ. ಈಗಿನ ಕ್ರಮ ಬಳಕೆಯಲ್ಲಿ ನಿಂತದ್ದು ನಂತರ. ಅಷ್ಟರಲ್ಲಿ, 1840ರ ಹೊತ್ತಿಗೆ, ಬ್ರಿಟಿಷ್ ಸೈನ್ಯ ಚಕಮಕಿ ಕಲ್ಲನ್ನು ಬಿಟ್ಟು, ಬಡಿದರೆ ಸಿಡಿಯುವ ಪುಟ್ಟ ತಾಮ್ರದ ಟೋಪಿಯ ಕಡೆಗೆ ಹೊರಳಿತ್ತು.