ಕಪೆರ್ನೌಮಿನ ಕಪ್ಪು ಕಲ್ಲು

ಇಸ್ರೇಲಿನ ಗಲಿಲಾಯ ಸರೋವರದ ಉತ್ತರ ದಂಡೆಯಲ್ಲಿ ಎಲ್ಲಿ ನೋಡಿದರೂ ಕಪ್ಪು ಕಲ್ಲು. ಯೇಸು ಓಡಾಡಿದ ಕಪೆರ್ನೌಮ್ ಊರಿನ ಹಳೆಯ ಮನೆಗಳ ಗೋಡೆ, ಅಗೆದಾಗ ಸಿಕ್ಕ ಬೀಸುವ ಕಲ್ಲುಗಳು, ಪಕ್ಕದ ಖೊರಾಜಿನ್ ಊರಿನ ಯೆಹೂದ್ಯರ ಸಭಾಮಂದಿರ, ಎಲ್ಲವೂ ಬಸಾಲ್ಟಿನವು. ಬಸಾಲ್ಟ್ ಅಂದರೆ ಜ್ವಾಲಾಮುಖಿಯಿಂದ ಹರಿದು, ತಣಿದು ಗಟ್ಟಿಯಾದ ಲಾವಾ. ಮಕ್ಕಳ ಬೈಬಲ್ ಚಿತ್ರಗಳಲ್ಲಿ ಮಾತ್ರ ಈ ಊರುಗಳಿಗೆ ಯಾವಾಗಲೂ ಮರಳಿನ ಬಣ್ಣ! ಚಿಕ್ಕವರನ್ನು ಪಾಪಕ್ಕೆ ಎಡವಿಸುವವನ ಕುತ್ತಿಗೆಗೆ ಬೀಸುವ ಕಲ್ಲು ಕಟ್ಟಿ ಸಮುದ್ರದಲ್ಲಿ ಮುಳುಗಿಸುವುದೇ ಲೇಸು ಎಂದು ಯೇಸು ಹೇಳಿದಾಗ (ಮತ್ತಾಯ 18:6), ಕೇಳುತ್ತಿದ್ದವರ ಕಣ್ಣ ಮುಂದೆ ಬಂದದ್ದು ಈ ಕಲ್ಲೇ ಇರಬೇಕು. ಅದರ ಮೈಯಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ. ಸವೆದಷ್ಟೂ ಹೊಸ ತೂತುಗಳ ಅಂಚು ಮೇಲೆ ಬರುವುದರಿಂದ ಕಲ್ಲು ನುಣುಪಾಗುವುದಿಲ್ಲ, ಕಾಳು ಚೆನ್ನಾಗಿ ಅರೆಯುತ್ತದೆ.

ಆ ತೂತು ಎಲ್ಲಿಂದ ಬಂತು? ಕ್ರೈಸ್ತ ಮನೆಯಲ್ಲಾಗಲಿ, ಸಂಡೇ ಸ್ಕೂಲಿನಲ್ಲಾಗಲಿ ಜ್ವಾಲಾಮುಖಿಯ ಪಾಠವನ್ನು ನಾನಾದರೆ ಈ ಪ್ರಶ್ನೆಯಿಂದ ಶುರುಮಾಡುತ್ತೇನೆ. ಭೂಮಿಯೊಳಗಿನ ಕರಗಿದ ಬಂಡೆಯಲ್ಲಿ ನೀರಾವಿ, ಇಂಗಾಲದ ಡೈಆಕ್ಸೈಡ್ ಮೊದಲಾದ ಅನಿಲಗಳು ಬೆರೆತಿರುತ್ತವೆ. ಅದು ಮೇಲೇರಿದಂತೆ ಒತ್ತಡ ಇಳಿಯುತ್ತದೆ, ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಆಗುವಂತೆ ಗುಳ್ಳೆಗಳು ಏಳುತ್ತವೆ. ಗುಳ್ಳೆ ಹೊರಗೆ ಹೋಗುವ ಮೊದಲೇ ಲಾವಾ ಗಟ್ಟಿಯಾದರೆ ಅದರ ಜಾಗದಲ್ಲಿ ತೂತು ಉಳಿಯುತ್ತದೆ. ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ಮಾಡುವ 'ಜ್ವಾಲಾಮುಖಿ' ಮಕ್ಕಳಿಗೆ ಭಾರೀ ಖುಷಿ. ಮಾಡಿ, ತಪ್ಪಿಲ್ಲ. ಆದರೆ ಅಲ್ಲಿ ಅನಿಲ ಹುಟ್ಟುವುದು ಆಮ್ಲ ಮತ್ತು ಕ್ಷಾರ ಕೂಡುವುದರಿಂದ, ಬೆಟ್ಟದೊಳಗೆ ನಡೆಯುವುದೇ ಬೇರೆ ಎಂದು ಒಂದು ಮಾತು ಹೇಳಿಬಿಡಿ.

ಅದಕ್ಕಿಂತ ಮೂರು ಕಲ್ಲು ಕೈಗೆ ಕೊಡುವುದು ಮೇಲು. ಬಸಾಲ್ಟ್ ಭಾರ. ಪ್ಯೂಮಿಸ್ ಹಗುರ, ತುಂಬಾ ಗುಳ್ಳೆಗಳೇ ಆದ್ದರಿಂದ ನೀರಿಗೆ ಹಾಕಿದರೆ ತೇಲುತ್ತದೆ. ಕಲ್ಲು ತೇಲುವುದನ್ನು ಕಂಡ ಮಗುವಿನ ಮುಖ ನೋಡಬೇಕು! 1883ರಲ್ಲಿ ಇಂಡೋನೇಷ್ಯಾದ ಕ್ರಕಟೋವ ಜ್ವಾಲಾಮುಖಿ ಸಿಡಿದಾಗ ಹೊರಬಿದ್ದ ಪ್ಯೂಮಿಸ್ ಹಿಂದೂ ಮಹಾಸಾಗರದ ಮೇಲೆ ತೇಲುತ್ತಾ ಆಫ್ರಿಕಾದ ತೀರದವರೆಗೂ ಹೋಯಿತು. ಮೂರನೆಯದು ಅಬ್ಸಿಡಿಯನ್, ಕಪ್ಪು ಗಾಜು. ಅಂಟಂಟಾದ ಲಾವಾ ಬೇಗ ತಣಿದು ಹರಳು ಕಟ್ಟಲು ಸಮಯವೇ ಸಿಗದಿದ್ದಾಗ ಇದು ಆಗುತ್ತದೆ. ಅಂಚು ಬ್ಲೇಡಿನಷ್ಟು ಹರಿತ, ದೊಡ್ಡವರ ಕೈಯಲ್ಲೇ ಇರಲಿ.

ಇಷ್ಟಾಗುವಾಗ ಯಾವುದಾದರೊಂದು ಮಗು ಕೇಳಿಯೇ ಕೇಳುತ್ತದೆ: ದೇವರಿಗೆ ಕೋಪ ಬಂದರೆ ಬೆಟ್ಟ ಸಿಡಿಯುತ್ತದಾ? ಆತನು ಮುಟ್ಟಿದರೆ ಬೆಟ್ಟಗಳು ಹೊಗೆಯಾಡುತ್ತವೆ ಎಂದು 104ನೆಯ ಕೀರ್ತನೆಯಲ್ಲಿದೆ, ನಿಜ. ಅದು ಸೃಷ್ಟಿಯನ್ನು ಕಂಡು ಹಾಡಿದ ಸ್ತುತಿ, ಬೆದರಿಕೆಯಲ್ಲ. ಹೋರೇಬ್ ಬೆಟ್ಟದಲ್ಲಿ ಪ್ರವಾದಿ ಎಲೀಯನ ಮುಂದೆ ಭೂಕಂಪವಾಯಿತು, ಬೆಂಕಿ ಬಂತು. ಅವೆರಡರಲ್ಲೂ ಕರ್ತನು ಇರಲಿಲ್ಲ (1 ಅರಸುಗಳು 19). ಯೆರೂಸಲೇಮಿನ ಸಿಲೋವಾಮಿನಲ್ಲಿದ್ದ ಬುರುಜು ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಪಾಪಿಗಳೇ ಎಂದು ಯೇಸುವೇ ಕೇಳಿ, ಅಲ್ಲ ಎಂದ (ಲೂಕ 13:4). ಬೆಟ್ಟ ಸಿಡಿದು ಸತ್ತವರನ್ನು ಕೆಟ್ಟವರು ಎಂದು ಮಗುವಿಗೆ ಕಲಿಸುವುದು ಇದಕ್ಕೆ ತೀರಾ ವಿರುದ್ಧ.

ಜ್ವಾಲಾಮುಖಿಯ ಕಥೆಯೊಂದನ್ನು ಹೇಳಲೇಬೇಕೆಂದರೆ ಪರಿಕುಟಿನ್ ಕಥೆ ಹೇಳಿ. 1943ರ ಫೆಬ್ರವರಿ 20ರಂದು ಮೆಕ್ಸಿಕೋದ ಒಂದು ಮೆಕ್ಕೆಜೋಳದ ಹೊಲದಲ್ಲಿ ನೆಲ ಬಿರಿದು ಹೊಸ ಜ್ವಾಲಾಮುಖಿಯೇ ಹುಟ್ಟಿತು. 1952ರವರೆಗೆ ಉರಿಯಿತು. ಲಾವಾ ನಿಧಾನವಾಗಿ ಸಾಗಿದ್ದರಿಂದ ಜನ ಊರು ಬಿಟ್ಟು ಪಾರಾದರು. ಸಾನ್ ಹುವಾನ್ ಎಂಬ ಊರು ಮುಳುಗಿ, ಅಲ್ಲಿನ ಚರ್ಚಿನ ಗೋಪುರ ಇವತ್ತಿಗೂ ಕಪ್ಪು ಬಂಡೆಗಳ ನಡುವೆ ನಿಂತಿದೆ.

ಇನ್ನು ಕಲ್ಲಿನ ವಯಸ್ಸಿನ ಪ್ರಶ್ನೆ. ವಿಶ್ವಾಸಿಗಳೇ ಇದರಲ್ಲಿ ಒಮ್ಮತದಲ್ಲಿಲ್ಲ, ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಕಲ್ಲಿನ ವಯಸ್ಸನ್ನು ಮಕ್ಕಳಿಂದ ಮುಚ್ಚಿಡಬಾರದು. ಲಾವಾ ಕರಗಿದ್ದಾಗ ಅದರಲ್ಲಿನ ಆರ್ಗಾನ್ ಅನಿಲ ಹೊರಗೆ ಹೋಗುತ್ತದೆ. ಗಟ್ಟಿಯಾದ ಮೇಲೆ ಕಲ್ಲಿನಲ್ಲಿರುವ ಪೊಟ್ಯಾಸಿಯಮ್-40 ಎಂಬ ವಿಕಿರಣಶೀಲ ಪರಮಾಣು ನಿಧಾನವಾಗಿ ಕ್ಷಯಿಸಿ ಒಳಗೆ ಹೊಸ ಆರ್ಗಾನ್ ಕೂಡುತ್ತಾ ಬರುತ್ತದೆ. ಅದನ್ನು ಅಳೆದು ವಯಸ್ಸು ತಿಳಿಯುತ್ತಾರೆ. ಗಲಿಲಾಯದ ಬಸಾಲ್ಟಿಗೆ ಹತ್ತಾರು ಲಕ್ಷ ವರ್ಷಗಳಾಗಿವೆ. ಬೈಬಲಿನ ಆದಿಕಾಂಡ ಹೇಳುವ ಸೃಷ್ಟಿಯ ದಿನಗಳನ್ನು ನಮ್ಮ ಹಗಲು ರಾತ್ರಿಗಳಂತೆ ಎಣಿಸಬೇಕಿಲ್ಲ ಎಂದು ಐದನೆಯ ಶತಮಾನದ ಸಂತ ಆಗಸ್ಟೀನನೇ ಬರೆದಿದ್ದ. ಕೆಳಗಿನ ಪದರ ಮೇಲಿನದಕ್ಕಿಂತ ಹಳೆಯದು ಎಂಬ ಭೂವಿಜ್ಞಾನದ ಮೊದಲ ಪಾಠವನ್ನು 1669ರಲ್ಲಿ ಬರೆದ ನಿಕೊಲಾಸ್ ಸ್ಟೆನೊ ಮುಂದೆ ಬಿಷಪ್ ಆದವನು. ಪೊಟ್ಯಾಸಿಯಮ್ಮಿನ ಲೆಕ್ಕ ಹೈಸ್ಕೂಲಿಗಿರಲಿ. ಐದು ವರ್ಷದ ಮಗುವಿಗೆ 'ಯೇಸು ಆ ದಂಡೆಗೆ ಬಂದಾಗಲೇ ಈ ಕಲ್ಲು ತುಂಬಾ ತುಂಬಾ ಹಳೆಯದಾಗಿತ್ತು' ಎಂದರೆ ಸಾಕು.