ಬಾಗಿಲ ಚೌಕಟ್ಟಿನ ಪೆನ್ಸಿಲ್ ಗೆರೆ

ನನ್ನ ತಂಗಿಯ ಮಗಳಿಗೆ ಈ ಯುಗಾದಿಗೆ ನಾಲ್ಕು ತುಂಬಿತು. ಹಬ್ಬಕ್ಕೆ ಬಂದಿದ್ದ ನೆಂಟರೊಬ್ಬರು ಅವಳನ್ನು ತಮ್ಮ ಮೊಮ್ಮಗಳ ಪಕ್ಕ ನಿಲ್ಲಿಸಿ, "ಇಬ್ಬರದ್ದೂ ಒಂದೇ ವಯಸ್ಸಲ್ವಾ? ಇವಳ್ಯಾಕೆ ಇಷ್ಟು ಕುಳ್ಳಿ?" ಎಂದುಬಿಟ್ಟರು. ಅಷ್ಟು ಸಾಕಾಯಿತು. ಹೋಳಿಗೆ ಬಡಿಸುವ ಹೊತ್ತಿಗೆ ತಂಗಿಯ ಮುಖ ಸಣ್ಣಗಾಗಿತ್ತು. "ತಿಂದಿದ್ದು ಮೈಗೇ ಹತ್ತಲ್ಲ ಕಣಕ್ಕಾ" ಎಂದಳು. ಅಮ್ಮ ದೃಷ್ಟಿ ತೆಗೆಯಲು ಉಪ್ಪು, ಮೆಣಸಿನಕಾಯಿ ಹುಡುಕಿದರು. ತಂಗಿಯ ಗಂಡ ಮೊಬೈಲಿನಲ್ಲಿ ಎತ್ತರ ಹೆಚ್ಚಿಸುತ್ತದಂತೆ ಎನ್ನುವ ಪುಡಿಯ ರೇಟು ನೋಡುತ್ತಿದ್ದರು. ನಾನು ಹೋಗಿ ಟೇಪು ತಂದೆ.

95 ಸೆಂಟಿಮೀಟರ್. ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟಿನಲ್ಲಿ ನಾಲ್ಕು ವರ್ಷದ ಹೆಣ್ಣುಮಕ್ಕಳ ನಡುಗೆರೆ 102.7ರಲ್ಲಿದೆ. ಎಂಟು ಸೆಂಟಿಮೀಟರ್ ಕಡಿಮೆ! ಎದೆ ಧಸಕ್ಕೆನ್ನುತ್ತದೆ. ಆದರೆ ನಡುಗೆರೆ ಎಂದರೆ ಪಾಸ್ ಮಾರ್ಕ್ಸ್ ಅಲ್ಲ. ಗಟ್ಟಿಮುಟ್ಟಾದ ಮಕ್ಕಳಲ್ಲೂ ಅರ್ಧದಷ್ಟು ಮಕ್ಕಳು ಅದರ ಕೆಳಗೇ ಇರುತ್ತಾರೆ. ಎಚ್ಚರಿಕೆಯ ಗೆರೆ ಇರುವುದು 94.1ರಲ್ಲಿ. ಆರೋಗ್ಯವಾಗಿರುವ ನೂರು ಮಕ್ಕಳಲ್ಲಿ ಇಬ್ಬರೋ ಮೂವರೋ ಅದಕ್ಕಿಂತಲೂ ಕೆಳಗಿರುತ್ತಾರೆ.

ನಿಜವಾದ ಸುದ್ದಿ ಇದ್ದದ್ದು ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ. ಹೋದ ಯುಗಾದಿಗೆ ನಾನೇ ಎಳೆದಿದ್ದ ಪೆನ್ಸಿಲ್ ಗೆರೆ ಅಲ್ಲಿತ್ತು. 88 ಸೆಂಟಿಮೀಟರ್. ಅಂದರೆ ವರ್ಷದಲ್ಲಿ ಏಳು ಬೆಳೆದಿದ್ದಾಳೆ. ಆ ವಯಸ್ಸಿಗೆ ಅದು ಸರಿಯಾದ ಓಟ.

ಮಗುವಿನ ಬೆಳವಣಿಗೆಯಲ್ಲಿ ಎಷ್ಟು ಎತ್ತರ ಎನ್ನುವುದಕ್ಕಿಂತ ವರ್ಷಕ್ಕೆ ಎಷ್ಟು ಬೆಳೆಯಿತು ಎನ್ನುವುದು ಜಾಸ್ತಿ ಮಾತಾಡುತ್ತದೆ. ಹುಟ್ಟಿದಾಗ ಮಗು ಸುಮಾರು 50 ಸೆಂಟಿಮೀಟರ್. ಮೊದಲ ವರ್ಷದಲ್ಲಿ 25 ಸೆಂಟಿಮೀಟರ್ ಬೆಳೆಯುತ್ತದೆ. ಎರಡನೇ ವರ್ಷ 11-12, ಮೂರನೆಯದರಲ್ಲಿ ಎಂಟೊಂಬತ್ತು. ಆಮೇಲೆ ನಿಧಾನವಾಗಿ ಇಳಿದು, ಮೈನೆರೆಯುವ ವಯಸ್ಸಿನವರೆಗೆ ವರ್ಷಕ್ಕೆ ಐದಾರು. "ಮೊದಲು ದಬದಬ ಬೆಳೀತಿತ್ತು, ಈಗ ನಿಂತೇ ಹೋಗಿದೆ" ಎನ್ನುವ ಅಪ್ಪ ಅಮ್ಮ ನೋಡುತ್ತಿರುವುದು ಬಹಳ ಸಲ ಈ ಸಹಜ ಇಳಿತವನ್ನೇ. ಮೊದಲ ಎರಡು ವರ್ಷದಲ್ಲಿ ಮಕ್ಕಳು ಚಾರ್ಟಿನ ಒಂದು ಗೆರೆಯಿಂದ ಇನ್ನೊಂದಕ್ಕೆ ಜಾರುವುದೂ ಉಂಟು. ಹುಟ್ಟುವಾಗಿನ ಗಾತ್ರದಲ್ಲಿ ತಾಯಿಯ ಗರ್ಭದ ಪಾತ್ರ ದೊಡ್ಡದು. ಹೊರಗೆ ಬಂದ ಮೇಲೆ ಮಗು ತನ್ನ ವಂಶದ ಗೆರೆ ಹುಡುಕಿಕೊಳ್ಳುತ್ತದೆ.

ಗೆರೆ ಎಳೆಯುವ ಈ ಹುಚ್ಚು ನನ್ನೊಬ್ಬಳದಲ್ಲ. ಫ್ರಾನ್ಸಿನ ಮೊಂಬೆಯಾರ್ ಎಂಬುವರು 1759ರಲ್ಲಿ ಹುಟ್ಟಿದ ಮಗನ ಎತ್ತರವನ್ನು 1777ರವರೆಗೆ, ಸುಮಾರು ಆರಾರು ತಿಂಗಳಿಗೊಮ್ಮೆ ಅಳೆದು ಬರೆದಿಟ್ಟರು. ಅವರ ಗೆಳೆಯ, ವಿಜ್ಞಾನಿ ಬುಫೋನ್ ಅದನ್ನು ಪ್ರಕಟಿಸಿದರು. ಒಬ್ಬನೇ ಹುಡುಗನ ಆ ಲೆಕ್ಕ ಇವತ್ತಿಗೂ ಪಾಠಪುಸ್ತಕಗಳಲ್ಲಿದೆ. ಮೊದಲು ಜೋರು, ಮಧ್ಯೆ ನಿಧಾನ, ಹದಿಹರೆಯದಲ್ಲಿ ಮತ್ತೊಂದು ನೆಗೆತ, ಆಮೇಲೆ ನಿಲುಗಡೆ. ಎಲ್ಲವೂ ಅದರಲ್ಲಿ ಕಾಣುತ್ತದೆ.

ಅಳೆಯುವುದಕ್ಕೂ ಒಂದು ಶಿಸ್ತು ಬೇಕು. ಚಪ್ಪಲಿ ಬಿಚ್ಚಬೇಕು, ಜುಟ್ಟು ಬಿಚ್ಚಬೇಕು, ಹಿಮ್ಮಡಿ ಗೋಡೆಗೆ ತಾಗಬೇಕು, ನೋಟ ನೇರ ಇರಬೇಕು. ತಲೆಯ ಮೇಲೆ ದಪ್ಪ ಪುಸ್ತಕವನ್ನು ಗೋಡೆಗೆ ಒತ್ತಿ ಹಿಡಿದು ಗೆರೆ ಎಳೆಯಬೇಕು. ಎಷ್ಟೇ ಹುಷಾರಾಗಿದ್ದರೂ ಅರ್ಧ ಸೆಂಟಿಮೀಟರ್ ಆಚೀಚೆ ಆಗುತ್ತದೆ. ಈ ವಯಸ್ಸಿನ ಮಗು ತಿಂಗಳಿಗೆ ಬೆಳೆಯುವುದೂ ಅಷ್ಟೇ! ಹಾಗಾಗಿ ತಿಂಗಳು ತಿಂಗಳು ಅಳೆದರೆ ಸುಮ್ನೆ ತಲೆಬಿಸಿ. ಬೆನ್ನುಮೂಳೆ ದಿನವಿಡೀ ಒತ್ತಿಕೊಳ್ಳುವುದರಿಂದ ಬೆಳಗಿನ ಎತ್ತರ ಸಂಜೆಗೆ ಸ್ವಲ್ಪ ಇಳಿದಿರುತ್ತದೆ. ಎರಡು ವರ್ಷದವರೆಗೆ ಮಲಗಿಸಿ ಅಳೆದು ಆಮೇಲೆ ನಿಲ್ಲಿಸಿ ಅಳೆದರೆ ಮಗು 0.7 ಸೆಂಟಿಮೀಟರ್ ಕುಗ್ಗಿದಂತೆ ಕಾಣುತ್ತದೆ. ಎಷ್ಟೋ ಅಮ್ಮಂದಿರು ಅದಕ್ಕೇ ಗಾಬರಿಯಾಗುತ್ತಾರೆ.

ಎತ್ತರ ಬೆಳೆಯುವ ಜಾಗ ಉದ್ದ ಮೂಳೆಗಳ ತುದಿಯ ಹತ್ತಿರ ಇರುತ್ತದೆ. ಅಲ್ಲೊಂದು ತೆಳು ಮೃದು ಎಲುಬಿನ ಪದರ. ಅದರ ಜೀವಕೋಶಗಳು ಇಡ್ಲಿ ತಟ್ಟೆಗಳ ಹಾಗೆ ಒಂದರ ಮೇಲೊಂದು ಜೋಡಿಕೊಂಡು, ಉಬ್ಬಿ, ಕೊನೆಗೆ ಗಟ್ಟಿ ಮೂಳೆಗೆ ಜಾಗ ಬಿಡುತ್ತವೆ. ಈ ಕೆಲಸ ನಡೆಯಲು ಊಟ ಬೇಕು, ಬೆಳವಣಿಗೆಯ ಹಾರ್ಮೋನು ಬೇಕು, ಥೈರಾಯ್ಡ್ ಬೇಕು. ಬೆಳವಣಿಗೆಯ ಹಾರ್ಮೋನು ಜಾಸ್ತಿ ಸುರಿಯುವುದು ಗಾಢ ನಿದ್ದೆಯಲ್ಲಿ. ಹದಿಹರೆಯ ಮುಗಿಯುವಾಗ ಆ ಪದರ ಮುಚ್ಚಿಹೋಗುತ್ತದೆ. ಆಮೇಲೆ ಕಂಬಿಗೆ ಜೋತುಬಿದ್ದರೂ ಅಷ್ಟೇ, ಪುಡಿ ಕಲಸಿ ಕುಡಿದರೂ ಅಷ್ಟೇ. ಪುಡಿಯ ಡಬ್ಬಿಯನ್ನು ತಿರುಗಿಸಿ ಸಕ್ಕರೆ ಎಷ್ಟಿದೆ ಓದಿ ನೋಡಿ, ಮಜಾ ಇರುತ್ತದೆ.

ಅಪ್ಪ ಅಮ್ಮನ ಎತ್ತರದಿಂದ ಒಂದು ಅಂದಾಜು ಹಾಕಬಹುದು. ಇಬ್ಬರ ಎತ್ತರ ಕೂಡಿ, ಹುಡುಗಿಯಾದರೆ 13 ಕಳೆದು, ಹುಡುಗನಾದರೆ 13 ಸೇರಿಸಿ, ಎರಡರಿಂದ ಭಾಗಿಸಬೇಕು. ನಮ್ಮ ತಂಗಿ 152, ಅವಳ ಗಂಡ 168. ಮಗಳ ಲೆಕ್ಕ 153.5ಕ್ಕೆ ಬರುತ್ತದೆ, ಎಂಟು ಸೆಂಟಿಮೀಟರ್ ಹೆಚ್ಚು ಕಡಿಮೆ. ತಂಗಿಗೆ ಇದನ್ನು ತೋರಿಸಿದೆ. "ಹಾಗಾದ್ರೆ ನಂದೇ ತಪ್ಪಾ?" ಎಂದಳು. ಲೆಕ್ಕ ಸರಿ, ತೋರಿಸಿದ ಹೊತ್ತು ಸರಿ ಇರಲಿಲ್ಲ.

ಆದರೆ "ನಮ್ಮ ಜನ ಇರುವುದೇ ಹೀಗೆ" ಎನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2006ರ ಚಾರ್ಟಿಗಾಗಿ ಆರು ದೇಶಗಳ ಮಕ್ಕಳನ್ನು ಅಳೆದಿತ್ತು. ಅದರಲ್ಲಿ ನಾರ್ವೆಯೂ ಇತ್ತು, ನಮ್ಮ ದಕ್ಷಿಣ ದೆಹಲಿಯೂ ಇತ್ತು. ಎದೆಹಾಲು, ಒಳ್ಳೆ ಊಟ, ಚೊಕ್ಕ ನೀರು ಸಿಕ್ಕ ಮಕ್ಕಳು ಐದು ವರ್ಷದೊಳಗೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಥರ ಬೆಳೆದಿದ್ದರು. ಎಚ್ಚರಿಕೆಯ ಗೆರೆಯ ಕೆಳಗೆ ನೂರಕ್ಕೆ ಇಬ್ಬರೋ ಮೂವರೋ ಇರಬೇಕು ಎಂದೆನಲ್ಲ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.4ರಷ್ಟು ಮಂದಿ ಅದರ ಕೆಳಗಿದ್ದರು. ಇದನ್ನು ವಂಶದ ತಲೆಗೆ ಕಟ್ಟಲಾಗದು. ಬಸುರಿಯಲ್ಲೇ ಸಾಕಾಗದ ಊಟ, ಪದೇ ಪದೇ ಭೇದಿ, ಆರು ತಿಂಗಳ ಮೇಲೂ ಬರೀ ತಿಳಿ ಗಂಜಿ. ಅಪ್ಪ ಅಮ್ಮ ಕುಳ್ಳಗಿರುವುದಕ್ಕೂ ಅವರ ಬಾಲ್ಯದ ಹಸಿವೇ ಕಾರಣ ಇರಬಹುದು. ಇಡೀ ಬೀದಿಯಲ್ಲಿ ಮಕ್ಕಳೆಲ್ಲ ಕುಳ್ಳಗಿದ್ದರೆ ಯಾರಿಗೂ ಚಿಂತೆಯೇ ಹತ್ತುವುದಿಲ್ಲ. ನಮ್ಮಂಥ ಮನೆಗಳಲ್ಲಿ ಪಕ್ಕದ ಮಗುವನ್ನು ನೋಡಿ ನಿದ್ದೆ ಕೆಡುತ್ತದೆ. ತಾಯಿ ಕಾರ್ಡಿನಲ್ಲಿ ಮಗುವಿನ ಬೆಳವಣಿಗೆಯ ಚುಕ್ಕಿ ಇಡುವ ಜಾಗ ಇದೆ. ಎಷ್ಟು ಕಾರ್ಡುಗಳಲ್ಲಿ ಅದು ಖಾಲಿ ಇದೆಯೋ!

ಡಾಕ್ಟರಿಗೆ ತೋರಿಸಬೇಕಾದ ಹೊತ್ತೂ ಇದೆ. ನಾಲ್ಕು ದಾಟಿದ ಮಗು ವರ್ಷಕ್ಕೆ ಐದು ಸೆಂಟಿಮೀಟರ್ ಮುಟ್ಟದಿದ್ದರೆ, ಎಚ್ಚರಿಕೆಯ ಗೆರೆಯ ಕೆಳಗಿದ್ದರೆ, ಅಥವಾ ಇದ್ದ ಗೆರೆ ಬಿಟ್ಟು ಕೆಳಗೆ ಇಳಿಯುತ್ತಲೇ ಹೋದರೆ ಕಾಯಬೇಡಿ. ತೂಕ ಮೊದಲು ಬಿದ್ದು ಎತ್ತರ ಆಮೇಲೆ ನಿಂತರೆ ಊಟ, ಕರುಳು, ಹಳೇ ಕಾಯಿಲೆಯ ಕಡೆ ನೋಡುತ್ತಾರೆ. ಮಗು ಗುಂಡಗಿದ್ದೂ ಉದ್ದ ಆಗದಿದ್ದರೆ ಥೈರಾಯ್ಡ್ ಅಥವಾ ಬೆಳವಣಿಗೆಯ ಹಾರ್ಮೋನಿನ ಅನುಮಾನ. ಹೆಣ್ಣುಮಗುವಾದರೆ ಟರ್ನರ್ ಸಿಂಡ್ರೋಮ್ ಎಂಬ ವರ್ಣತಂತುವಿನ ತೊಂದರೆಯನ್ನೂ ಪರೀಕ್ಷಿಸುತ್ತಾರೆ. ಎಡಗೈಯ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ಓದುತ್ತಾರೆ. ಎಂಟು ವರ್ಷದ ಹುಡುಗನ ಮೂಳೆಗೆ ಆರೇ ವರ್ಷ ಎಂದಾದರೆ ಬೆಳೆಯುವ ಕಾಲ ಇನ್ನೂ ಉಳಿದಿದೆ ಎಂದರ್ಥ. ಕಾಯಿಲೆ ಏನೂ ಇಲ್ಲದಿದ್ದರೆ ಅವನು ತಡವಾಗಿ ಬೆಳೆಯುವವನು. ಅವನಪ್ಪನನ್ನು ಕೇಳಿದರೆ, "ನಾನೂ ಪಿಯುಸಿಯಲ್ಲೇ ಉದ್ದ ಆಗಿದ್ದು" ಎನ್ನುವುದುಂಟು.

ನಮ್ಮ ಹುಡುಗಿಗೆ ಇದ್ಯಾವುದೂ ಬೇಕಾಗಲಿಲ್ಲ. ಪುಡಿಯ ಆರ್ಡರ್ ರದ್ದಾಯಿತು. ಅಮ್ಮ ದೃಷ್ಟಿ ಮಾತ್ರ ತೆಗೆದೇ ತೆಗೆದರು. ಗೆರೆಯ ಪಕ್ಕ ತಾರೀಖು ಬರೆಯುವಾಗ ಕೆಳಗೆ ನೋಡಿದೆ, ಅವಳ ಹಿಮ್ಮಡಿ ನೆಲ ಬಿಟ್ಟು ಎದ್ದಿತ್ತು. ಅಳಿಸಿ ಮತ್ತೆ ಅಳೆದೆ. 94 ಮುಕ್ಕಾಲು. ಮುಂದಿನ ಗೆರೆ ದಸರಾ ರಜೆಗೆ.