ಬಾರ್ಟೋಕ್ ಟಿಪ್ಪಣಿ: ವಾದಕ, ಸಂಯೋಜಕ, ಮೇಷ್ಟ್ರು, ಮತ್ತೆ ಕಾಡುವ 4+2+3

ಹಂಗೇರಿಯ ಬೇಲಾ ಬಾರ್ಟೋಕ್ (1881–1945) ಬಗ್ಗೆ ಓದುವಾಗ ವಾದಕ, ಸಂಯೋಜಕ, ಶಿಕ್ಷಕ ಅಂತ ಮೂರು ಕಾಲಂ ಹಾಕಿಕೊಂಡರೆ ಇಸವಿಗಳೆಲ್ಲ ಕಲಸಿಹೋಗುತ್ತವೆ. ಅವರ ಪಿಯಾನೊ ತುಣುಕುಗಳ ಸಂಗ್ರಹ ‘ಮೈಕ್ರೊಕಾಸ್ಮೊಸ್’ ಒಂದನ್ನು ಹಿಡಿದುಕೊಂಡರೆ ಮೂರೂ ಅಲ್ಲೇ ಸಿಗುತ್ತವೆ.

ಬೇಕಾದಷ್ಟು ಇಸವಿ: ಬುಡಾಪೆಸ್ಟ್ ಅಕಾಡೆಮಿಯಲ್ಲಿ ಪಿಯಾನೊ ಕಲಿತದ್ದು ಹೆಸರಾಂತ ಪಿಯಾನೊ ವಾದಕ ಲಿಸ್ಟ್‌ನ ಶಿಷ್ಯ ಇಷ್ಟ್ವಾನ್ ಥೋಮಾನ್ ಹತ್ತಿರ. 1907ರಲ್ಲಿ ಅದೇ ಗುರುವಿನ ಜಾಗಕ್ಕೆ ಮೇಷ್ಟ್ರು. ಕಲಿಸಿದ್ದು ಪಿಯಾನೊ, ಸಂಯೋಜನೆ ಕಲಿಸಲು ಒಪ್ಪಲೇ ಇಲ್ಲ. 1934ರಲ್ಲಿ ಪಾಠ ಬಿಟ್ಟು ವಿಜ್ಞಾನ ಅಕಾಡೆಮಿಯಲ್ಲಿ ಜನಪದ ಗೀತೆಗಳ ಕೆಲಸಕ್ಕೆ ಹೋದರು. 1940ರಲ್ಲಿ ಅಮೆರಿಕ.

ಮೈಕ್ರೊಕಾಸ್ಮೊಸ್ 6 ಸಂಪುಟ, 153 ತುಣುಕು, 1926ರಿಂದ 1939ರವರೆಗಿನ ಕೆಲಸ. ಮೊದಲೆರಡು ಸಂಪುಟ ಮಗ ಪೇಟರ್‌ಗೆ ಅರ್ಪಣೆ. 1–6ನೇ ತುಣುಕುಗಳಲ್ಲಿ ಎರಡೂ ಕೈ ಒಂದೇ ಟ್ಯೂನ್ ನುಡಿಸುತ್ತವೆ. 148–153ಕ್ಕೆ ಬರುವಷ್ಟರಲ್ಲಿ ಕಛೇರಿಯಲ್ಲಿ ನುಡಿಸುವ ‘ಬಲ್ಗೇರಿಯನ್ ಲಯದ ಆರು ನೃತ್ಯಗಳು’. ಪೂರ್ವ ಯೂರೋಪಿನ ಜನಪದ ಸಂಗೀತವನ್ನು ಕೂತು ಅಭ್ಯಸಿಸಿದ್ದರ ಫಲ ಇದು. ಇನ್ನು ಮುಂದಿನದೆಲ್ಲ ಈ ಲಯದ ಬಗ್ಗೆಯೇ, ಯಾಕೆಂದರೆ ಎಲ್ಲರೂ ಮುಗ್ಗರಿಸುವುದು ಇಲ್ಲಿ.

148ರ ಬಾರ್‌ನಲ್ಲಿ (ತಾಳದ ಒಂದು ಸುತ್ತು) 9 ಕ್ವೇವರ್ (ಲಯದ ಚಿಕ್ಕ ಎಣಿಕೆ), ಹಂಚಿಕೆ 4+2+3. ನಾಲ್ಕು ತಂತಿವಾದ್ಯಗಳಿಗೆ ಬರೆದ ಐದನೇ ಸ್ಟ್ರಿಂಗ್ ಕ್ವಾರ್ಟೆಟ್‌ನ (1934) ಸ್ಕೆರ್ಜೊ ಭಾಗದಲ್ಲೂ ಇದೇ ಹಂಚಿಕೆ. ಕ್ವೇವರ್ ಒಂದೇ ಸಮ, ಬೀಟ್‌ಗಳು ಮಾತ್ರ ಉದ್ದ-ಗಿಡ್ಡ. ಆದರೆ 9/8 (ಬಾರ್‌ಗೆ 9 ಕ್ವೇವರ್) ಕಂಡ ಕೂಡಲೇ ಕೈ ತಾನಾಗಿ 3+3+3ಕ್ಕೆ ಜಾರುತ್ತದೆ. ಜಾರಿದ್ದು ಗೊತ್ತೂ ಆಗುವುದಿಲ್ಲ: ಮೊತ್ತ ಆಗಲೂ 9, ಬಾರ್ ಸರಿಯಾದ ಜಾಗಕ್ಕೇ ಮುಗಿಯುತ್ತದೆ.

ಒತ್ತು ಬೀಳುವ ಜಾಗ ಬರೆದು ನೋಡಿ. 4+2+3ರಲ್ಲಿ 1, 5, 7. 3+3+3ರಲ್ಲಿ 1, 4, 7. ಒಂದೂ ಏಳೂ ಎರಡರಲ್ಲೂ ಇವೆ! ವ್ಯತ್ಯಾಸ ನಡುವಿನ ಒತ್ತಿನಲ್ಲಿ ಮಾತ್ರ. ಹಾಗಾಗಿ ಇಡೀ ಬಾರ್ ಕೇಳುತ್ತ ಕೂರಬೇಡಿ, 5ನೇ ಕ್ವೇವರ್ ಒಂದನ್ನೇ ಕಾಯಿರಿ.

ಕರ್ನಾಟಕ ಸಂಗೀತದ ಪರಿಚಯ ಇದ್ದವರಿಗೆ ಸೊಲ್ಲುಕಟ್ಟೇ (ಎಣಿಕೆಯನ್ನು ಬಾಯಲ್ಲಿ ಹೇಳುವ ಸೊಲ್ಲುಗಳು) ಸುಲಭ: ‘ತಕದಿಮಿ ತಕ ತಕಿಟ’. 149 (2+2+3) ‘ತಕ ತಕ ತಕಿಟ’, ಅಂದರೆ ಮಿಶ್ರಛಾಪು ತಾಳದ (3+2+2) ವಿಲೋಮ; ಅಭ್ಯಾಸಬಲದಿಂದ ತಕಿಟವನ್ನು ಮೊದಲಿಗೆ ತರುವುದು ಇಲ್ಲಿನ ಅಪಾಯ. 151 ‘ತಕಿಟ ತಕ ತಕಿಟ’, 152 ‘ತಕ ತಕ ತಕ ತಕಿಟ’, 153 ‘ತಕಿಟ ತಕಿಟ ತಕ’. 150ಕ್ಕೆ ಬಾರ್‌ಗೆ 5 ಕ್ವೇವರ್ ಮಾತ್ರ.

ಅಭ್ಯಾಸ ಹೀಗೆ. ಮೆಟ್ರೊನೋಮ್‌ನಲ್ಲಿ (ಲಯ ಕಾಯುವ ಯಂತ್ರ) ಕ್ವೇವರ್‌ಗೆ ಒಂದು ಟಿಕ್, ವೇಗ ನಿಮಿಷಕ್ಕೆ 120. ಬಾಯಲ್ಲಿ ಸೊಲ್ಲು, ಚಪ್ಪಾಳೆ 1, 5, 7ಕ್ಕೆ ಮಾತ್ರ. ಅದು ನಿಂತ ಮೇಲೆ ಒಂದೊಂದೇ ಕೈ, ಆಮೇಲೆ ಎರಡೂ. ವೇಗ ಏರಿಸಲು ಕ್ರಾಚೆಟ್‌ಗೆ (ಎರಡು ಕ್ವೇವರ್) ಟಿಕ್ ಇಟ್ಟರೆ ಕೆಟ್ಟಿತು: 9 ಬೆಸ ಸಂಖ್ಯೆ, ಮೊದಲ ಬಾರ್‌ನಲ್ಲಿ ಟಿಕ್ 1, 3, 5, 7, 9ಕ್ಕೆ ಬಿದ್ದರೆ ಮುಂದಿನದರಲ್ಲಿ 2, 4, 6, 8ಕ್ಕೆ. ಬಾರ್‌ಗೊಂದು ಟಿಕ್ ಇಡೋಣವೆಂದರೆ, ಕೀ ಕೊಡುವ ಮೆಟ್ರೊನೋಮ್ ಸಾಮಾನ್ಯವಾಗಿ 40ಕ್ಕಿಂತ ಕೆಳಗಿಳಿಯದು. ಆಗ ಕ್ವೇವರ್ 360 ಆಗಿಬಿಡುತ್ತದೆ. ಜೊತೆಗೆ ಬಾರ್ ಟಿಕ್ ಮೇಲೆ ಹೇಳಿದ 3+3+3 ತಪ್ಪನ್ನು ಹಿಡಿಯುವುದೂ ಇಲ್ಲ. ಒತ್ತಿನ ಜಾಗ ನಾವೇ ಆರಿಸಬಹುದಾದ ಮೊಬೈಲ್ ಮೆಟ್ರೊನೋಮ್ ಇದ್ದರೆ 1, 5, 7ಕ್ಕೆ ಒತ್ತು ಕೊಟ್ಟು ಹಂತಕ್ಕೆ 10ರಂತೆ ಏರಿಸಿ.

ನೇರ 148ಕ್ಕೆ ಹಾರುವುದೂ ಬೇಡ. ನಾಲ್ಕನೇ ಸಂಪುಟದ 113 ಮತ್ತು 115ರ ಹೆಸರೇ ‘ಬಲ್ಗೇರಿಯನ್ ಲಯ’. ಮೊದಲನೆಯದು 7 ಕ್ವೇವರ್‌ನದು, ಎರಡನೆಯದು 5ರದು. ಅವೆರಡೂ ಕೈಗೆ ಕೂತ ಮೇಲೆ ಆರನೇ ಸಂಪುಟ ತೆಗೆಯಿರಿ.